ಒಲ್ಲದ ಮನಸ್ಸಿನ ಅತಿಥಿ: ಕೊರಿಯನ್ ಊಟದ ಮೇಜಿನಲ್ಲಿ ಕಲಿತ ಪಾಠ



ಕೆಲವು ಮದುವೆ ಸೀಸನ್‌ಗಳಿಂದ ನಮ್ಮ ಸದಸ್ಯರಿಗೆ ಒಂದು ಹೊಸ ಬೇಡಿಕೆ ಎದುರಾಗುತ್ತಿದೆ. ಮೆನು ಬರೆಯಲು ಕುಳಿತಾಗ ಹಿರಿಯರು ಹೋಳಿಗೆಯೋ ಜಿಲೇಬಿಯೋ ಎಂದು ಚರ್ಚೆ ಮಾಡುತ್ತಿರುತ್ತಾರೆ. ಪಕ್ಕದಲ್ಲಿ ಮೊಬೈಲ್ ಹಿಡಿದು ಕುಳಿತ ಮದುಮಗಳು ತಲೆಯೆತ್ತಿ, "ಅಂಕಲ್, ರಿಸೆಪ್ಶನ್‌ಗೆ ಒಂದು ಕೊರಿಯನ್ ಕೌಂಟರ್ ಇರಲಿ" ಎನ್ನುತ್ತಾಳೆ. ಹೂಂ ಎನ್ನಬೇಕೋ ಉಹೂಂ ಎನ್ನಬೇಕೋ ತಿಳಿಯದೆ ನಾವು "ನೋಡೋಣಮ್ಮ" ಎಂದು ಆರ್ಡರ್ ಪುಸ್ತಕ ಮಡಚುತ್ತೇವೆ.

ನೋಡಿಯೇ ಬಿಡೋಣ ಎಂದು ಚೆನ್ನೈನ ನಾವು ನಾಲ್ವರು ಒಂದು ಸಾಧಾರಣ ಕೊರಿಯನ್ ಹೋಟೆಲಿಗೆ ಹೋಗಿ ಉಂಡು ಬಂದೆವು. ಹೋದದ್ದು ಒಲ್ಲದ ಮನಸ್ಸಿನಿಂದಲೇ. ಅಲ್ಲಿ ಕೊರಿಯನ್ ಅಡುಗೆಯ ಪರಿಚಯವಾಯಿತು. ಅದಕ್ಕಿಂತ ಹೆಚ್ಚಾಗಿ, ಅಳುಕಿನಿಂದ ಬಂದು ಕುಳಿತ ಗಿರಾಕಿಯನ್ನು ಹೇಗೆ ನಡೆಸಿಕೊಳ್ಳಬೇಕು ಎಂಬ ಪಾಠವಾಯಿತು. ಅದನ್ನು ಈ ಸಂಚಿಕೆಯಲ್ಲಿ ತಮ್ಮ ಮುಂದಿಡುತ್ತಿದ್ದೇವೆ.

ಒಲ್ಲದವರೇ ತೀರ್ಪು ಕೊಡುವವರು

ಐದು ಜನ ಊಟಕ್ಕೆ ಹೊರಟಾಗ ನಾಲ್ವರಿಗೆ ಎಲ್ಲಾದರೂ ಆದೀತು. ಐದನೆಯವರು "ಅಲ್ಲಿ ನನಗೆ ತಿನ್ನಲು ಏನಿದೆ?" ಎಂದುಬಿಟ್ಟರೆ ಇಡೀ ಗುಂಪು ಬೇರೆ ಹೋಟೆಲಿಗೆ ತಿರುಗುತ್ತದೆ. ಮದುವೆಯ ಆರ್ಡರೂ ಹಾಗೆಯೇ. ಹತ್ತು ಜನ ಒಪ್ಪಿದ ಮೆನುವನ್ನು ಮನೆಯ ಒಬ್ಬ ಅಜ್ಜಿ "ನಾನು ಊಟಕ್ಕೆ ಕೂರುವುದಿಲ್ಲ" ಎಂಬ ಒಂದು ಮಾತಿನಿಂದ ಬದಲಾಯಿಸಬಲ್ಲರು.

ಊರು ಬಿಟ್ಟು ಬಂದ ನಮ್ಮ ಕಸುಬು ಬೆಳೆದದ್ದೂ ಇಂಥ ಗಿರಾಕಿಗಳನ್ನು ಗೆದ್ದೇ. ಮುಂಬೈನ ಮಾಟುಂಗಾದಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭವಾದದ್ದು 1942ರಲ್ಲಿ. ನೌಕರಿಗೆಂದು ಬಂದ ದಕ್ಷಿಣದವರಿಗೆ ಅನ್ನ ಹಾಕುತ್ತಿದ್ದ ಇಂಥ ಮನೆಗಳಿಗೆ ಕ್ರಮೇಣ ಮರಾಠಿ, ಗುಜರಾತಿ, ಪಂಜಾಬಿ ಗಿರಾಕಿಗಳೂ ಬಂದರು. ಹುಳಿ ಬಂದ ಹಿಟ್ಟಿನ ದೋಸೆ, ಬಾಳೆ ಎಲೆ, ಕೈಯಲ್ಲಿ ಕಲಸಿ ತಿನ್ನುವ ಸಾರನ್ನ ಇವೆಲ್ಲ ಅವರಿಗೆ ಹೊಸತು. ಆ ಹೊಸ ಗಿರಾಕಿಯ ಕುರ್ಚಿಯಲ್ಲಿ ಒಮ್ಮೆ ನಾವೇ ಕುಳಿತು ನೋಡಿದರೆ ಕಸುಬು ಚೆನ್ನಾಗಿ ಅರ್ಥವಾಗುತ್ತದೆ.

ಕೊರಿಯಾ ನಮ್ಮ ಬಾಗಿಲಿಗೆ ಬಂದ ಬಗೆ

ಚೆನ್ನೈಯವರಿಗೆ ಇದು ತೀರ ಹೊಸ ವಿಷಯವೇನಲ್ಲ. ಹ್ಯುಂಡೈ ಕಂಪನಿ ತನ್ನ ಭಾರತದ ಘಟಕವನ್ನು 1996ರಲ್ಲಿ ಸ್ಥಾಪಿಸಿತು. ಶ್ರೀಪೆರುಂಬುದೂರಿನ ಬಳಿಯ ಇರುಂಗಾಟುಕೊಟ್ಟೈ ಕಾರ್ಖಾನೆಯ ಸ್ಯಾಂಟ್ರೋ ಕಾರು 1998ರಲ್ಲಿ ರಸ್ತೆಗೆ ಬಂತು. ಕಾರ್ಖಾನೆಯ ಹಿಂದೆಯೇ ಬಿಡಿಭಾಗದ ಕಂಪನಿಗಳು, ಅವುಗಳ ಎಂಜಿನಿಯರುಗಳು, ಅವರ ಸಂಸಾರಗಳು ಬಂದವು. ಅವರಿಗಾಗಿ ಸಣ್ಣ ಸಣ್ಣ ಕೊರಿಯನ್ ಊಟದ ಮನೆಗಳೂ ತೆರೆದವು. ದೆಹಲಿಯ ಸುತ್ತಮುತ್ತ ನೋಯ್ಡಾ, ಗುರುಗ್ರಾಮಗಳಲ್ಲೂ ಪುಣೆಯಲ್ಲೂ ಹೀಗೆಯೇ ಆಯಿತು. 2019ರಲ್ಲಿ ಕಿಯಾ ಕಾರ್ಖಾನೆ ಉತ್ಪಾದನೆ ಆರಂಭಿಸಿದ ಪೆನುಕೊಂಡ ನಮ್ಮ ಕರ್ನಾಟಕದ ಗಡಿಗೆ ತಾಗಿದಂತೆಯೇ ಇದೆ.

ಆಗೆಲ್ಲ ಅದು ಅವರ ಊಟ, ನಮಗೆ ಸಂಬಂಧವಿರಲಿಲ್ಲ. 2020ರ ಲಾಕ್‌ಡೌನ್ ಕಾಲದಲ್ಲಿ ನಮ್ಮ ಮಕ್ಕಳು ಮನೆಯಲ್ಲಿ ಕೂತು ಕೊರಿಯನ್ ಧಾರಾವಾಹಿ ನೋಡಿದರು. 2021ರಲ್ಲಿ ಸ್ಕ್ವಿಡ್ ಗೇಮ್ ಬಂತು. ತೆರೆಯ ಮೇಲೆ ಕಂಡ ಬಟ್ಟಲನ್ನು ಈಗ ಅವರು ಮದುವೆ ಮಂಟಪದಲ್ಲಿ ಕೇಳುತ್ತಿದ್ದಾರೆ.

ಮೂರು ಅಳುಕು

ನಾವು ಹೋದ ಜಾಗ ದೊಡ್ಡದೇನಲ್ಲ. ಎಂಟು ಮೇಜು, ಗೋಡೆಯ ಮೇಲೆ ತಿಂಡಿಗಳ ಚಿತ್ರ, ಒಳಗೆ ಅಡುಗೆ ಮಾಡುತ್ತಿದ್ದ ಮಧ್ಯವಯಸ್ಸಿನ ಕೊರಿಯನ್ ಒಡತಿ, ಬಡಿಸಲು ಮಣಿಪುರದ ಒಬ್ಬ ಹುಡುಗ. ನಮ್ಮ ಜೊತೆ ನಲವತ್ತು ವರ್ಷ ಸೌಟು ಹಿಡಿದ, ಕುಂದಾಪುರ ಕಡೆಯ ಹಿರಿಯ ಭಟ್ಟರೊಬ್ಬರಿದ್ದರು. "ನೀವು ತಿನ್ನಿ ಮಾರಾಯ್ರೆ, ನಾನು ನೀರು ಕುಡಿದು ಕೂತಿರ್ತೇನೆ" ಎಂದು ಮೊದಲೇ ಹೇಳಿದ್ದರು.

ಅವರ ಅಳುಕನ್ನು ಬಿಡಿಸಿ ನೋಡಿದರೆ ಮೂರು ಭಾಗ ಕಾಣುತ್ತದೆ. ಒಂದು, ಇದರಲ್ಲಿ ಏನೇನು ಬಿದ್ದಿದೆಯೋ ಎಂಬ ಸಂಶಯ. ಎರಡು, ಇದನ್ನು ತಿನ್ನುವ ಕ್ರಮ ಗೊತ್ತಿಲ್ಲ, ನಾಲ್ಕು ಜನರ ಮುಂದೆ ನಗೆಪಾಟಲಾದೇನು ಎಂಬ ಸಂಕೋಚ. ಮೂರು, ಸೇರದಿದ್ದರೆ ದುಡ್ಡೂ ಹೋಯಿತು, ಹೊಟ್ಟೆಯೂ ಖಾಲಿ ಎಂಬ ಲೆಕ್ಕಾಚಾರ. ನಮ್ಮ ಹೋಟೆಲಿಗೆ ಮೊದಲ ಸಲ ಬರುವ ಹೊರಗಿನವರಿಗೂ ಇರುವುದು ಈ ಮೂರೇ ಅಳುಕು. ಅಲ್ಲಿ ಅವು ಒಂದೊಂದಾಗಿ ಹೇಗೆ ಕರಗಿದವು ಎಂಬುದನ್ನು ಗಮನಿಸಿ.

ಕೇಳದೆ ಬಂದ ಬಟ್ಟಲುಗಳು

ಆರ್ಡರ್ ಕೊಟ್ಟು ಎರಡು ನಿಮಿಷವಾಗಿರಲಿಲ್ಲ, ಮೇಜಿನ ಮೇಲೆ ಅಂಗೈಯಗಲದ ಆರು ಬಟ್ಟಲು ಬಂದವು. ಎಲೆಕೋಸಿನ ಕಿಮ್ಚಿ, ಬೇಯಿಸಿ ಎಳ್ಳೆಣ್ಣೆ ಸವರಿದ ಪಾಲಕ್, ಸೋಯಾ ಮೊಳಕೆ, ಹುಳಿಸಿಹಿ ಮೂಲಂಗಿ, ಆಲೂಗಡ್ಡೆ ಪಲ್ಯ, ಸೌತೆಕಾಯಿ. ನಾವು ಗಾಬರಿಯಾಗಿ, "ಇದನ್ನು ನಾವು ಹೇಳಿಲ್ಲವಲ್ಲಪ್ಪ?" ಎಂದೆವು. "ಇದಕ್ಕೆ ಬಿಲ್ ಇಲ್ಲ ಸಾರ್, ಮುಗಿದರೆ ಮತ್ತೆ ತರುತ್ತೇನೆ" ಎಂದ ಹುಡುಗ.

ಇವುಗಳಿಗೆ ಬಾನ್‌ಚಾನ್ ಎಂದು ಹೆಸರು. ಕೊರಿಯಾದ ಊಟದಲ್ಲಿ ಅನ್ನ, ಸೂಪು, ಕಿಮ್ಚಿ ಮತ್ತು ಸುತ್ತಲೂ ಈ ಚಿಕ್ಕ ಬಟ್ಟಲುಗಳು. ಅಲ್ಲಿನ ಹೋಟೆಲುಗಳಲ್ಲಿ ಬಾನ್‌ಚಾನ್‌ಗೆ ಪ್ರತ್ಯೇಕ ಹಣ ಕೇಳದಿರುವುದು, ಮುಗಿದರೆ ಮತ್ತೆ ಬಡಿಸುವುದು ವಾಡಿಕೆ. ಮೇಜಿಗೆ ಹೋಗಿ ಬಂದದ್ದನ್ನು ಇನ್ನೊಬ್ಬರಿಗೆ ಬಡಿಸುವುದನ್ನು ಅಲ್ಲಿನ ಕಾನೂನೇ ನಿಷೇಧಿಸಿದೆ.

ಭಟ್ಟರು ಬಟ್ಟಲುಗಳನ್ನೇ ನೋಡುತ್ತಿದ್ದವರು, "ಇದು ಎಲೆ ತುದಿಗೆ ಬಡಿಸಿದ ಹಾಗಾಯ್ತಲ್ಲ!" ಎಂದರು. ನಿಜವೇ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯಗಳನ್ನು ಅನ್ನಕ್ಕೆ ಮೊದಲು ನಾವೂ ಕೇಳದೆ ಬಡಿಸುತ್ತೇವೆ. ಬಂದವರನ್ನು ಖಾಲಿ ಎಲೆಯ ಮುಂದೆ ಕೂರಿಸಬಾರದು ಎಂಬುದು ಅದರ ತಿರುಳು. ಒಲ್ಲದ ಮನಸ್ಸಿನವರಿಗೆ ಇದರಿಂದ ಇನ್ನೊಂದು ಉಪಕಾರವಿದೆ. ಆರರಲ್ಲಿ ಎರಡು ಸೇರದಿದ್ದರೂ ನಾಲ್ಕು ಸೇರೀತು, ದುಡ್ಡು ಹೋಗುವ ಭಯವಿಲ್ಲ. ಮೂರನೆಯ ಅಳುಕು ಮೊದಲೇ ಹೋಯಿತು.

ನಮ್ಮಲ್ಲಿ ಈಚೆಗೆ ಬಫೆ ಬಂದ ಮೇಲೆ ಕೋಸಂಬರಿ, ಪಲ್ಯಗಳು ಮೇಜಿನ ಮೂಲೆ ಸೇರಿವೆ. ಹೊಸಬರು ಅವನ್ನು ದಾಟಿ ಹೋಗಿಬಿಡುತ್ತಾರೆ. ಸಾಲಿನಲ್ಲಿ ನಿಂತವರಿಗೆ ಒಂದು ಚಿಕ್ಕ ದೊನ್ನೆಯಲ್ಲಿ ಕೋಸಂಬರಿ ಕೊಟ್ಟು ನೋಡಿ. ಖರ್ಚು ಅಲ್ಪ, ಊಟದ ಮೇಲಿನ ವಿಶ್ವಾಸ ಅಲ್ಲಿಂದಲೇ ಶುರುವಾಗುತ್ತದೆ.

"ಕೇಳಿ ಬರುತ್ತೇನೆ"

ಈಗ ಮುಖ್ಯ ಪ್ರಶ್ನೆ. ಭಟ್ಟರು ಹುಡುಗನನ್ನು ಕರೆದು, "ಇದರಲ್ಲಿ ನಾನು ಯಾವುದನ್ನು ತಿನ್ನಬಹುದು? ಮೀನು, ಮಾಂಸ, ಮೊಟ್ಟೆ ಯಾವುದೂ ಆಗುವುದಿಲ್ಲ" ಎಂದರು. ಹುಡುಗ ಮೂರು ಬಟ್ಟಲು ಅವರ ಕಡೆ ಸರಿಸಿದ. "ಕಿಮ್ಚಿ ಬೇಡ ಸಾರ್, ಅದಕ್ಕೆ ಸಿಗಡಿ ಹಾಕಿದೆ. ಆಲೂಗಡ್ಡೆ, ಮೊಳಕೆ ಎರಡರ ಬಗ್ಗೆ ಗೊತ್ತಿಲ್ಲ, ಕೇಳಿ ಬರುತ್ತೇನೆ" ಎಂದು ಒಳಗೆ ಹೋದ. ಬಂದು, "ಆಲೂಗಡ್ಡೆ ತಿನ್ನಬಹುದು. ಮೊಳಕೆ ಬೇಯಿಸಿದ್ದು ಮೀನಿನ ನೀರಿನಲ್ಲಿ, ಅದು ಬೇಡ. ಸೂಪೂ ಬೇಡ" ಎಂದ.

ಬಾಂಧವರೇ, ಆ "ಗೊತ್ತಿಲ್ಲ, ಕೇಳಿ ಬರುತ್ತೇನೆ" ಎಂಬ ಮಾತಿಗೆ ಬೆಲೆ ಕಟ್ಟಲಾಗದು. ಹಿಂದೆ ಬೇರೊಂದು ಕಡೆ ಇದೇ ಪ್ರಶ್ನೆಗೆ ನಮಗೆ ಸಿಕ್ಕ ಉತ್ತರ "ವೆಜ್ ಸಾರ್, ಬರೀ ಎಲೆಕೋಸು" ಎಂದಿತ್ತು. ಆ ಬಟ್ಟಲನ್ನು ನಾವು ಮುಟ್ಟಲೇ ಇಲ್ಲ. ಇಲ್ಲಿ "ಇದು ಬೇಡ" ಎಂದ ಹುಡುಗ "ಇದು ತಿನ್ನಬಹುದು" ಎಂದದ್ದನ್ನು ಭಟ್ಟರು ನಂಬಿದರು.

ಭಟ್ಟರು ಮತ್ತೆ ಕೇಳಿದರು: "ಪಾತ್ರೆ, ಸೌಟು ಬೇರೆಯೋ?" ಹುಡುಗನ ಉತ್ತರ ನೇರವಾಗಿತ್ತು. "ತರಕಾರಿಯ ಪಾತ್ರೆ ಬೇರೆ ಸಾರ್. ಆದರೆ ಅಡುಗೆಮನೆ ಒಂದೇ." ಭಟ್ಟರು ಒಂದು ಕ್ಷಣ ಯೋಚಿಸಿ, "ಆ ಕಲ್ಲಿನ ಬಟ್ಟಲು ಬೇಡ, ಎಣ್ಣೆ ಹೀರಿರುತ್ತದೆ. ತೊಳೆದ ಸ್ಟೀಲ್ ಬಟ್ಟಲಲ್ಲಿ ಕೊಡು" ಎಂದರು. ಕಲ್ಲಿನ ಬಟ್ಟಲು ಹಿಂದಿನವರ ಮೊಟ್ಟೆ ಮಾಂಸದ ಜಿಡ್ಡನ್ನು ಹಿಡಿದಿಟ್ಟುಕೊಳ್ಳುವುದು ಕಲ್ಲಿನ ಮರಿಗೆಯಲ್ಲಿ ಸಾಂಬಾರು ಮಾಡಿದವರಿಗೆ ಮಾತ್ರ ಹೊಳೆಯುವ ವಿಷಯ. ನಮಗೆ ಮೂವರಿಗೂ ಅದು ತೋಚಿರಲಿಲ್ಲ.

ಕಲಸನ್ನ

ಬಂದದ್ದು ಬಿಬಿಂಬಾಪ್. ಬಿಬಿಂ ಎಂದರೆ ಕಲಸಿದ, ಬಾಪ್ ಎಂದರೆ ಅನ್ನ. ನಮ್ಮ ಕಲಸನ್ನವೇ. ಬಿಸಿ ಅನ್ನದ ಮೇಲೆ ಕ್ಯಾರೆಟ್, ಪಾಲಕ್, ಅಣಬೆ, ಸೌತೆ ಇವನ್ನು ಬಣ್ಣ ಬಣ್ಣವಾಗಿ ಜೋಡಿಸಿ, ನಡುವೆ ಗೋಚುಜಾಂಗ್ ಎಂಬ ಕೆಂಪು ಗೊಜ್ಜಿನ ಒಂದು ಉಂಡೆ. ಸಾಮಾನ್ಯವಾಗಿ ಮೇಲೆ ಮೊಟ್ಟೆಯೂ ಹಲವು ಸಲ ಗೋಮಾಂಸವೂ ಇರುತ್ತವೆ. ಅವೆರಡನ್ನೂ ಬಿಡಿಸಿ ಹೇಳಿದ್ದೆವು.

ಭಟ್ಟರು ಸ್ಟೀಲ್ ಕಡ್ಡಿಗಳನ್ನು ನೋಡಿ ಕೈ ಹಿಂದೆ ತೆಗೆದರು. ಒಳಗಿನಿಂದ ಒಡತಿ ಬಂದು, ಕಡ್ಡಿ ಸರಿಸಿ ಉದ್ದ ಹಿಡಿಯ ಚಮಚ ಕೈಗಿತ್ತು, ಬಟ್ಟಲಿನ ತಳದಿಂದ ಎತ್ತಿ ಕಲಸುವುದನ್ನು ಸನ್ನೆಯಲ್ಲೇ ತೋರಿಸಿದರು. ಕೊರಿಯಾದಲ್ಲಿ ಅನ್ನವನ್ನು ತಿನ್ನುವುದು ಚಮಚದಲ್ಲೇ. ಕಡ್ಡಿಗಳು ಪಲ್ಯ ಎತ್ತಿಕೊಳ್ಳಲು. ಬಟ್ಟಲನ್ನು ಕೈಯಲ್ಲಿ ಎತ್ತದೆ ಮೇಜಿನ ಮೇಲಿಟ್ಟೇ ತಿನ್ನಬೇಕು. ಮೇಜಿನ ಹಿರಿಯರು ಚಮಚ ಎತ್ತುವವರೆಗೆ ಕಿರಿಯರು ಕಾಯಬೇಕು. ಪಂಕ್ತಿಯಲ್ಲಿ ಹಿರಿಯರು ಆಪೋಶನ ತೆಗೆದುಕೊಳ್ಳುವವರೆಗೆ ಕಾಯುವ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಹೀಗೆ ಎರಡನೆಯ ಅಳುಕೂ ಹೋಯಿತು. ಯಾರೂ ನಗಲಿಲ್ಲ, ಯಾರೂ ಉಪನ್ಯಾಸ ಕೊಡಲಿಲ್ಲ. ಒಂದು ಚಮಚ, ಒಂದು ಸನ್ನೆ, ಅಷ್ಟೇ. ನೀರು ಕುಡಿದು ಕೂರುತ್ತೇನೆ ಎಂದಿದ್ದವರು ಬಟ್ಟಲು ಮುಗಿಸಿ, "ಖಾರ ನಮ್ಮ ಬ್ಯಾಡಗಿಯ ಹಾಗೆ, ಬಣ್ಣ ಜಾಸ್ತಿ, ಉರಿ ಕಡಿಮೆ. ಆದ್ರೆ ಒಗ್ಗರಣೆ ಇಲ್ಲದೆ ಏನೋ ಖಾಲಿ ಖಾಲಿ" ಎಂದರು. ಒಲ್ಲದವರಿಂದ ಅಷ್ಟು ಪ್ರಶಂಸೆ ಧಾರಾಳವಾಯಿತು.

ಮಾಂಸ ಕಾಣದಿದ್ದರೆ ಸಸ್ಯಾಹಾರವಾಗದು

ಕೊರಿಯನ್ ಕೌಂಟರ್ ಹಾಕುವವರೆಲ್ಲ ಈ ಭಾಗವನ್ನು ಎರಡು ಸಲ ಓದಬೇಕು. ಅಲ್ಲಿನ ಅಡುಗೆಯಲ್ಲಿ ಮೀನು ಕಣ್ಣಿಗೆ ಕಾಣುವುದಕ್ಕಿಂತ ನೀರಿನಲ್ಲಿ, ಉಪ್ಪಿನಲ್ಲಿ ಕರಗಿರುವುದೇ ಹೆಚ್ಚು.

1. ಕಿಮ್ಚಿ: ಚೈನೀಸ್ ಎಲೆಕೋಸನ್ನು ಉಪ್ಪಿನಲ್ಲಿ ನೆನೆಸಿ, ಮೆಣಸಿನಪುಡಿ, ಬೆಳ್ಳುಳ್ಳಿ, ಶುಂಠಿ ಸವರಿ ಹುದುಗಿಸಿದ್ದು. ಸಾಮಾನ್ಯ ಕಿಮ್ಚಿಗೆ ಉಪ್ಪಿನಲ್ಲಿ ಹುದುಗಿಸಿದ ಸಿಗಡಿ ಅಥವಾ ಮೀನಿನ ಸಾಸ್ ಬೀಳುತ್ತದೆ. ಊರೊಟ್ಟಿಗೆ ಕೂಡಿ ಕಿಮ್ಚಿ ಹಾಕಿ ಹಂಚಿಕೊಳ್ಳುವ ಕಿಮ್‌ಜಾಂಗ್ ಪದ್ಧತಿಯನ್ನು ಯುನೆಸ್ಕೋ 2013ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಮನೆಗಳಲ್ಲಿ ಮಾವಿನ ಮಿಡಿ ಹಾಕುವ ಸಂಭ್ರಮವನ್ನು ನೆನೆದರೆ ಅದರ ಮಹತ್ವ ತಿಳಿಯುತ್ತದೆ.

2. ಸೂಪು ಮತ್ತು ಸಾರು: ಒಣಗಿಸಿದ ನೆತ್ತಿಲಿ ಜಾತಿಯ ಪುಟ್ಟ ಮೀನು ಮತ್ತು ಕಡಲಪಾಚಿ ಕುದಿಸಿದ ನೀರೇ ಹಲವು ಅಡುಗೆಗಳಿಗೆ ಬುನಾದಿ. ಸೋಯಾ ಹುದುಗಿನ ಸಾರಿಗೂ ಅದೇ ನೀರು.

3. ತೊಕ್‌ಬೊಕ್ಕಿ: ಮಕ್ಕಳು ಹೆಚ್ಚು ಕೇಳುವ ತಿಂಡಿ. ಅಕ್ಕಿಹಿಟ್ಟಿನ ಕಡ್ಡಿಗಳನ್ನು ಕೆಂಪು ಗೊಜ್ಜಿನಲ್ಲಿ ಬೇಯಿಸಿದ್ದು. ಅಕ್ಕಿಯೇನೋ ಅಕ್ಕಿಯೇ, ಆದರೆ ಮೀನಿನ ನೀರೂ ಮೀನಿನ ಹಿಟ್ಟಿನ ಹಾಳೆಗಳೂ ಸಾಮಾನ್ಯವಾಗಿ ಜೊತೆಗಿರುತ್ತವೆ.

4. ಗೋಚುಜಾಂಗ್: ಮೆಣಸಿನಪುಡಿ, ಅಂಟು ಅಕ್ಕಿ, ಹುದುಗಿಸಿದ ಸೋಯಾ, ಮೊಳಕೆ ಬಾರ್ಲಿ, ಉಪ್ಪು ಇವುಗಳದ್ದು. ಮೂಲತಃ ಸಸ್ಯಾಹಾರವೇ. ಆದರೆ ಪ್ಯಾಕೆಟ್ಟಿನ ಸರಕಿಗೆ ಗೋಧಿ, ಕೆಡದಿರಲು ಮದ್ಯಸಾರ ಸೇರಿಸಿರುವುದುಂಟು. ಲೇಬಲ್ ಓದದೆ ಬುಟ್ಟಿಗೆ ಹಾಕಬೇಡಿ. 2020ರ ಲೇಬಲ್ ನಿಯಮಗಳ ಪ್ರಕಾರ ಹಸಿರು ಚುಕ್ಕೆ ಸಸ್ಯಾಹಾರಕ್ಕೆ, ಕಂದು ತ್ರಿಕೋನ ಮಾಂಸಾಹಾರಕ್ಕೆ.

ಕೊರಿಯಾದಲ್ಲೂ ಶುದ್ಧ ಸಸ್ಯಾಹಾರದ ಪರಂಪರೆಯೊಂದಿದೆ. ಅಲ್ಲಿನ ಬೌದ್ಧ ವಿಹಾರಗಳ ಅಡುಗೆಯಲ್ಲಿ ಮೀನು ಮಾಂಸ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಅಲ್ಲಿನ ಕಿಮ್ಚಿಗೆ ಸೋಯಾ ಸಾಸ್, ಶುಂಠಿ, ಕಡಲಪಾಚಿ ಮತ್ತು ಅಣಬೆಯ ನೀರು ರುಚಿ ಕೊಡುತ್ತವೆ. ಜೈನ, ಮಾಧ್ವ ಮನೆಗಳ ಆರ್ಡರ್ ಹಿಡಿಯುವ ನಮಗೆ ದಾರಿ ತೋರುವುದು ಈ ಅಡುಗೆಯೇ. ಆದರೆ ಜೈನರಿಗೆ ಮೂಲಂಗಿ, ಕ್ಯಾರೆಟ್, ಹಸಿಶುಂಠಿ, ಅಣಬೆಗಳೂ ವರ್ಜ್ಯವೆಂಬುದನ್ನು ಮರೆಯಬಾರದು.

ಒಂದು ಆರ್ಡರಿನ ಕಥೆ

ಊಟಕ್ಕೆ ಹೋಗಿ ಬಂದ ಮೇಲೆ ಚೆನ್ನೈನ ಒಂದು ಕನ್ನಡ ಮನೆಯ ರಿಸೆಪ್ಶನ್ ನಮ್ಮ ಪಾಲಿಗೆ ಪರೀಕ್ಷೆಯಾಯಿತು. ಹುಡುಗಿ ಕೊರಿಯನ್ ಕಂಪನಿಯ ನೌಕರಳು, ಆಫೀಸಿನಿಂದ ಹತ್ತಿಪ್ಪತ್ತು ಕೊರಿಯನ್ನರು ಬರುವವರಿದ್ದರು. ಕೌಂಟರ್ ಇಲ್ಲದಿದ್ದರೆ ಬೇರೆ ಕೇಟರರ್ ನೋಡಿಕೊಳ್ಳುವುದಾಗಿ ಅವಳ ತಂದೆ ಸಂಕೋಚದಿಂದಲೇ ತಿಳಿಸಿದರು. ಅವಳ ಅಜ್ಜಿಯದು ಇನ್ನೊಂದು ಮಾತು: "ಆ ಕಡೆಯ ಸೌಟು ಈ ಕಡೆ ಬಂದ್ರೆ ನಾನು ಮೊಮ್ಮಗಳ ಮದುವೆ ಊಟಕ್ಕೂ ಕೂರೋದಿಲ್ಲ."

ಹೊರಗಿನಿಂದ ತಯಾರಾದ ಕಿಮ್ಚಿ ತರಿಸುವುದು ಸುಲಭವಿತ್ತು. ಅದನ್ನು ಬಿಟ್ಟು ನಮ್ಮ ಅಡುಗೆಮನೆಯಲ್ಲೇ ಎಲ್ಲವನ್ನೂ ಮಾಡಿದೆವು. ಎಲೆಕೋಸಿನ ತೂಕದ ಶೇ. 2ರಿಂದ 3ರಷ್ಟು ಉಪ್ಪು, ಬ್ಯಾಡಗಿ ಪುಡಿ, ಶುಂಠಿ, ಅಕ್ಕಿಹಿಟ್ಟಿನ ಗಂಜಿ, ಸ್ವಲ್ಪ ಸೋಯಾ ಸಾಸ್. ಚೆನ್ನೈನ ಸೆಕೆಗೆ ಒಂದು ದಿನ ಹೊರಗಿಟ್ಟು ಫ್ರಿಜ್ಜಿಗೆ ಸೇರಿಸಿದೆವು. ಇಡ್ಲಿ ಹಿಟ್ಟು ಹುಳಿ ಬರುವ ಹದ ತಿಳಿದ ಕೈಗೆ ಇದು ಕಷ್ಟವಲ್ಲ. ಅನ್ನಕ್ಕೆ ಹೊಸ ಅಕ್ಕಿ ತಂದೆವು, ಅದು ಹಳೆಯದಕ್ಕಿಂತ ಅಂಟಾಗಿ ಬರುತ್ತದೆ. ಕೆಂಪು ಗೊಜ್ಜಿಗೆ ಬ್ಯಾಡಗಿ, ಸೋಯಾ ಸಾಸ್, ಬೆಲ್ಲ, ಹುರಿದ ಎಳ್ಳಿನ ಎಣ್ಣೆ. ಅದನ್ನು ಗೋಚುಜಾಂಗ್ ಎಂದು ಕರೆಯದೆ "ಕೊರಿಯನ್ ಮಾದರಿಯ ಕೆಂಪು ಗೊಜ್ಜು" ಎಂದೇ ಬೋರ್ಡಿನಲ್ಲಿ ಬರೆಸಿದೆವು. ಕೃತಕ ಬಣ್ಣ ಒಂದು ಚಿಟಿಕೆಯೂ ಇಲ್ಲ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ್ದು ಎಲ್ಲರಿಗೂ ನೆನಪಿರಲಿ. ಬ್ಯಾಡಗಿ ಇರುವಾಗ ನಮಗೆ ಬಣ್ಣದ ಡಬ್ಬಿಯ ಹಂಗೇಕೆ?

ಹಿಂದಿನ ದಿನ ಅಜ್ಜಿಯನ್ನು ಅಡುಗೆಮನೆಗೆ ಕರೆದು ಎಲ್ಲ ಡಬ್ಬಿಗಳನ್ನೂ ತೋರಿಸಿದೆವು. ಕೌಂಟರಿನ ಹುಡುಗರಿಗೆ ಹೇಳಿದ್ದು ಒಂದೇ ಮಾತು: ಗೊತ್ತಿಲ್ಲದಿದ್ದರೆ ಊಹಿಸಬೇಡಿ, ಕೇಳಿ ಬನ್ನಿ.

ಕೊರಿಯನ್ ಅತಿಥಿಗಳು ಕಿಮ್ಚಿಯನ್ನು ಒಂದು ಸಲ ಹಾಕಿಸಿಕೊಂಡು, ರುಚಿ ಬೇರೆ ಎಂದು ನಗುತ್ತಾ ಒಪ್ಪಿದರು. ನಮ್ಮ ಸಾರನ್ನು ಮಾತ್ರ ಎರಡೆರಡು ಲೋಟ ಕುಡಿದರು. ಅಜ್ಜಿ ಆ ಕೌಂಟರಿನ ಹತ್ತಿರ ಹೋಗಲಿಲ್ಲ, ನಾವೂ ಒತ್ತಾಯ ಮಾಡಲಿಲ್ಲ. ಪಂಕ್ತಿಯ ಮೊದಲ ಎಲೆಗೆ ಬಂದು ಕುಳಿತು, ಹೋಳಿಗೆಗೆ ಇನ್ನಷ್ಟು ತುಪ್ಪ ಕೇಳಿದರು. ನಮಗೆ ಬೇಕಾಗಿದ್ದ ಗೆಲುವು ಅಷ್ಟೇ.

ಗಮನದಲ್ಲಿಡಬೇಕಾದ ಅಂಶಗಳು

1. ಹೊಸ ಅಡುಗೆಯ ಆರ್ಡರ್ ಹಿಡಿಯುವ ಮುನ್ನ ಆ ಅಡುಗೆಯವರ ಹೋಟೆಲಿನಲ್ಲಿ ಗಿರಾಕಿಯಾಗಿ ಕುಳಿತು ಉಣ್ಣಿ. ಜೊತೆಗೆ ನಿಮ್ಮ ತಂಡದ ಅತ್ಯಂತ ಒಲ್ಲದ ವ್ಯಕ್ತಿಯನ್ನು ಕರೆದೊಯ್ಯಿರಿ.

2. ಮೊದಲ ತುತ್ತು ಚಿಕ್ಕದಾಗಿರಲಿ, ಬೇಗ ಬರಲಿ, ಪುಕ್ಕಟೆಯಾಗಿರಲಿ.

3. ಪದಾರ್ಥದ ಪಟ್ಟಿಯನ್ನು ಕೌಂಟರಿನ ಹಿಂದೆ ಕನ್ನಡದಲ್ಲೂ ಆಯಾ ಊರಿನ ಭಾಷೆಯಲ್ಲೂ ಅಂಟಿಸಿ. ಬಡಿಸುವವರು ಅದನ್ನು ಓದಿರಲಿ.

4. ಪಾತ್ರೆ, ಸೌಟು, ಬಾಣಲೆ ಬೇರೆ ಇದ್ದರೆ ಇದೆ ಎನ್ನಿ, ಇಲ್ಲದಿದ್ದರೆ ಇಲ್ಲ ಎನ್ನಿ.

5. ತಿನ್ನುವ ಕ್ರಮವನ್ನು ಸನ್ನೆಯಲ್ಲಿ ತೋರಿಸಿ. ಒತ್ತಾಯ ಬೇಡ, ನಗು ಬೇಡ.

ಅಭ್ಯಾಸಕ್ಕೆ

ಮುಂದಿನ ವಾರ ನಿಮ್ಮ ಕೆಲಸಗಾರರನ್ನು ಕೂರಿಸಿಕೊಂಡು ಈ ಪ್ರಶ್ನೆಗಳನ್ನು ಕೇಳಿ: ನಮ್ಮ ಬಿಸಿಬೇಳೆ ಬಾತಿನಲ್ಲಿ ಗೋಡಂಬಿ ಇದೆಯೇ? ಇಂಗಿಗೆ ಗೋಧಿಹಿಟ್ಟು ಬೆರೆತಿದೆಯೇ? ಇಂದಿನ ಸಾಂಬಾರಿಗೆ ಈರುಳ್ಳಿ ಬಿದ್ದಿದೆಯೇ? ಎಷ್ಟು ಜನ ಥಟ್ಟನೆ "ಇಲ್ಲ ಸಾರ್" ಎನ್ನುತ್ತಾರೆ, ಎಷ್ಟು ಜನ "ಕೇಳಿ ಬರುತ್ತೇನೆ" ಎನ್ನುತ್ತಾರೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಮೊದಲನೆಯವರಿಗೆ ತರಬೇತಿ ಕೊಡಿ, ಎರಡನೆಯವರನ್ನು ಮುಂದಿನ ಮದುವೆಯಲ್ಲಿ ಕೌಂಟರಿನ ಮುಂದೆ ನಿಲ್ಲಿಸಿ.